ನೀಲಿ ಕಾರಿನಿಂದ ಇಳಿದ ಕೆಂಪು ನೀರು

"ಯಪ್ಪಾ! ರಗತ!"

ವಿಶಾಖಾಬಾಯಿಯ ಕೈಯಲ್ಲಿದ್ದ ತಂಬಿಗೆ ಅಂಗಳದ ಕಲ್ಲಿಗೆ ಬಿದ್ದು ಉರುಳಿತು. ಹೊಸ ಕಾರಿಗೆ ಸಾಬೂನು ನೀರು ಸುರಿದಿದ್ದರಷ್ಟೆ. ಬಾನೆಟ್ಟಿನ ಸಂದಿಯಿಂದ, ಎಡಗಡೆಯ ದೀಪದ ಪಕ್ಕಕ್ಕೆ, ಸಣ್ಣಗೆ ಕೆಂಪು ನೀರು ಇಳಿಯತೊಡಗಿತ್ತು. ನೀಲಿ ಬಣ್ಣದ ಮೇಲೆ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು.

ಮಹಾನಂದಾ ಕೂಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದ ಮೇಲೆ, ವಿಜಯಪುರದ ವಕೀಲರಿಗೆ ಅಪಘಾತದ ಪ್ರಕರಣಗಳ ಒಳಗುಟ್ಟು ಹುಡುಕಿಕೊಡುತ್ತಿದ್ದ ಹೆಂಗಸು ಅವಳು. ಕೆಂಪು ಕಂಡ ಕೂಡಲೇ ಕಿರುಚುವ ಕಾಲ ಎಂದೋ ಮುಗಿದಿತ್ತು. ಆಕೆ ನೀರನ್ನು ನೋಡುವುದು ಬಿಟ್ಟು, ನೀರನ್ನು ನೋಡುತ್ತಿದ್ದವರನ್ನು ನೋಡಿದಳು.

ವಿಶಾಖಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮಗ ರಾಹುಲ ಮಾತ್ರ ಕಾರಿನ ಕಡೆಗೆ ಕಣ್ಣೇ ಹಾಯಿಸಲಿಲ್ಲ. ಅವನು ನೋಡುತ್ತಿದ್ದದ್ದು ಅಡುಗೆಮನೆಯ ಬಾಗಿಲನ್ನು. ಅಲ್ಲಿ ಅವನ ಅಕ್ಕ ಗೌತಮಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಕಾರು ತೊಳಿ ಅಂತ ಯಾರು ಹೇಳಿದ್ರು?" ಗೌತಮಿ ಕೇಳಿದಳು.

"ನಾನಽ ಹೇಳೀನಿ," ಎಂದಳು ಮಹಾನಂದಾ. "ಒಣಗಿದ್ದಾಗ ಬಣ್ಣ ಸುಳ್ಳು ಹೇಳ್ತದ, ತೋಯ್ದಾಗ ಬಾಯಿ ಬಿಡ್ತದ."

"ಈ ನನ್ನ ಮಗಳು ಕಾರು ಮನಿಗೆ ಬಂದಾಗಿಂದ ಒಂದು ತಂಬಿಗಿ ನೀರು ಹಾಕಾಕ ಬಿಟ್ಟಿಲ್ರೀ," ವಿಶಾಖಾಬಾಯಿ ನಡುಗುತ್ತಲೇ ದೂರಿದರು. "ಪಾಲಿಶ್ ಹೋಗ್ತದಂತ. ಈಗ ನೋಡ್ರಿ, ಏನ ಹೊಂಟದ!"

"ಯವ್ವಾ, ನೀ ಒಳಗ ಹೋಗು. ಕೇಳಸಾಕತ್ತದ ಇಲ್ಲೋ?"

ಅದು ತಿಕೋಟಾದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿ ಹೇಳಿ ಗೌತಮಿಯ ನಾಲಿಗೆಗೆ ಅಂಟಿಕೊಂಡಿದ್ದ ಮಾತು. ತಾಯಿ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅಂಗಳದಲ್ಲಿ ನಿಂತಿದ್ದದ್ದು ಬರೀ ಕಾರಲ್ಲ, ಮಗನ ತಲೆಯ ಮೇಲೆ ತೂಗುತ್ತಿದ್ದ ಕತ್ತಿ.

ಬುದ್ಧ ಪೂರ್ಣಿಮೆಯ ಹಿಂದಿನ ದಿನ, ರವಿವಾರ, ನಿಡೋಣಿ ರಸ್ತೆಯಲ್ಲಿ ಕುರಿಗಾರ ಕರೆಪ್ಪನನ್ನು ನೀಲಿ ಕಾರೊಂದು ಹೊಡೆದು ಹೋಗಿತ್ತು. ಅವನ ಕಂಬಳಿಗೆ ಹತ್ತಿದ್ದ ಬಣ್ಣದ ಚೂರು ಈ ಕಾರಿನ ಬಣ್ಣಕ್ಕೆ ಹೊಂದುತ್ತಿತ್ತು. ಬಾನೆಟ್ಟಿಗೆ ಎರಡನೇ ಸಲ ಬಣ್ಣ ಹೊಡೆದಿರುವುದನ್ನು ಗುರುತಿಸಿದ ಠಾಣೆಯ ಫೌಜದಾರರು ಮರುಮಾತಿಲ್ಲದೆ ರಾಹುಲನ ಕೊರಳಪಟ್ಟಿಗೆ ಕೈ ಹಾಕಿದ್ದರು. "ಗುದ್ದಿದವ ನೀನಽ, ಬಣ್ಣ ಹೊಡಿಸಿ ಮುಚ್ಚಿದವನೂ ನೀನಽ" ಎಂಬುದು ಅವರ ವಾದ. ಸದ್ಯಕ್ಕೆ ಹುಡುಗನನ್ನು ಮನೆಗೆ ಬಿಟ್ಟಿದ್ದರು. ನಾಳೆ ಕಾರು ಜಪ್ತಿ.

ರಾಹುಲನಿಗೆ ತಾಲೂಕು ಕಚೇರಿಯಲ್ಲಿ ಗುಮಾಸ್ತನ ನೌಕರಿಯಾಗಿತ್ತು. ಪೊಲೀಸರ ಪರಿಶೀಲನೆಯೊಂದು ಮುಗಿದರೆ ಆದೇಶ ಕೈಗೆ ಬರುವುದಿತ್ತು. ಅತ್ತ ಕರೆಪ್ಪ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಅವನು ತೆರೆಯದೇ ಹೋದರೆ ರಾಹುಲನಿಗೆ ನೌಕರಿಯ ಮಾತು ಹಾಗಿರಲಿ, ಜೈಲೇ ಗತಿ. ತಮ್ಮನನ್ನು ಉಳಿಸಿಕೊಡಿ ಎಂದು ಮಹಾನಂದಾಳ ಬಾಗಿಲಿಗೆ ಬಂದವಳು ಇದೇ ಗೌತಮಿ.

ಮಹಾನಂದಾ ಬಗ್ಗಿ, ಕೆಂಪು ನೀರನ್ನು ಎರಡು ಬೆರಳಿನಲ್ಲಿ ತಿಕ್ಕಿ ಮೂಗಿಗೆ ಹಿಡಿದಳು. ಆಮೇಲೆ ನಕ್ಕುಬಿಟ್ಟಳು.

"ವಿಶಾಖಾಬಾಯಿ, ಅರಿಷಿಣದ ಕಲಿ ಬಿದ್ದ ಸೀರಿಗೆ ಸಬಕಾರ ಹಚ್ಚಿದ್ರ ಏನಾಗ್ತದ್ರಿ?"

"ಕೆಂಪಗಾಗ್ತದ."

"ಇದೂ ಅದಽ. ರಗತ ಅಲ್ಲ, ಅರಿಷಿಣ."

ಮುದುಕಿಗೆ ಹೋದ ಜೀವ ಬಂದಂತಾಯಿತು. ಮಹಾನಂದಾಳಿಗೆ ಮಾತ್ರ ಆಗಲೇ ಅನುಮಾನ ಹುಟ್ಟಿಕೊಂಡಿತು. ಕೈಚೀಲದಿಂದ ತೆಳ್ಳನೆಯ ಪ್ಲಾಸ್ಟಿಕ್ ಚೀಲ ತೆಗೆದು ಅಂಗೈಗೆ ಹಾಕಿಕೊಂಡು ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಿದಳು. ಬರಿಗೈಗೆ ತಿಳಿಯದ ಒರಟು ಚೀಲದ ಕೈಗೆ ತಿಳಿಯುತ್ತದೆ. ಬಾಗಿಲು, ಛಾವಣಿ, ಹಿಂಬದಿ ಎಲ್ಲ ಗಾಜಿನಂತೆ ನುಣುಪು. ಬಾನೆಟ್ಟಿನ ಎಡಭಾಗ ಮಾತ್ರ ಕಿತ್ತಳೆ ಸಿಪ್ಪೆ. ಮೇಲೆ ಸಾಸಿವೆಯಷ್ಟು ಗುಳ್ಳೆಗಳು.

ಒಂದು ಗುಳ್ಳೆಯನ್ನು ಉಗುರಿನಿಂದ ಕೆದರಿದಳು. ನೀಲಿ ಪೊರೆ ಎದ್ದು ಬಂತು. ಅದರ ಹೊಟ್ಟೆಯಲ್ಲಿ ಹಳದಿ ಕಾಳು.

ಅರಿಶಿನ ಬಣ್ಣದ ಮೇಲೆ ಬಿದ್ದದ್ದಲ್ಲ. ಮೊದಲು ಅರಿಶಿನ ಬಿದ್ದು, ಆಮೇಲೆ ಅದರ ಮೇಲೆ ಬಣ್ಣ ಬಿದ್ದಿದೆ.

"ಕಾರು ಮನಿಗೆ ತಂದಾಗ ಪೂಜಿ ಮಾಡಿದ್ರೇನು?"

"ನಾವೆಲ್ಲಿ ಪೂಜಿ ಮಾಡ್ತೀವ್ರಿ ಅಕ್ಕಾರ?" ಎಂದರು ವಿಶಾಖಾಬಾಯಿ. "ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ಮುಂದ ಮೇಣಬತ್ತಿ ಹಚ್ಚಿದ್ವಿ. ತ್ರಿಶರಣ ಪಂಚಶೀಲ ಹೇಳಿದ್ವಿ. ಕನ್ನಡಿಗೆ ನೀಲಿ ರಿಬ್ಬನ್ ಕಟ್ಟಿ ಓಣಿಗೆಲ್ಲಾ ಖೀರು ಹಂಚಿದ್ವಿ. ಅರಿಷಿಣ ಇಲ್ಲ, ಕುಂಕುಮ ಇಲ್ಲ, ಗಾಲಿ ಕೆಳಗ ನಿಂಬಿಹಣ್ಣೂ ಇಲ್ಲ."

"ತಂದದ್ದು ಸೋಮವಾರ. ಖರೆ?"

"ಬುದ್ಧನ ಆಣಿ! ಶನಿವಾರ ಸಹಿ ಮಾಡಿ, ಹಾರ ಹಾಕ್ಕೊಂಡು ಫೋಟೋ ತಗಸ್ಕೊಂಡ್ವಿ. ಹುಣ್ಣಿಮಿ ದಿನ ಒಯ್ತೀವಿ, ಅಲ್ಲಿ ಮಟ ಇಲ್ಲೇ ಇರ್ಲಿ ಅಂತ ಶೋರೂಮಿನ್ಯಾಗ ಬಿಟ್ಟು ಬಂದ್ವಿ. ಕೀಲಿಕೈ ಒಂದಽ ತಂದು ಬುದ್ಧನ ಮುಂದ ಇಟ್ಟಿದ್ವಿ."

ಗಂಟು ಬಿದ್ದದ್ದು ಅಲ್ಲೇ. ಶೋರೂಮಿನ ಮ್ಯಾನೇಜರ್ ಶನಿವಾರವೇ ಕಾರು ಕೊಟ್ಟೆನೆಂದು ಪೊಲೀಸರಿಗೆ ಹೇಳಿದ್ದ. ಕಾಗದವೂ ಅವನ ಮಾತಿಗೇ ತಾಳ ಹಾಕುತ್ತಿತ್ತು. ರವಿವಾರ ಕಾರು ಯಾರ ಕೈಯಲ್ಲಿತ್ತೋ ಅವರೇ ಕರೆಪ್ಪನಿಗೆ ಉತ್ತರ ಹೇಳಬೇಕು.

"ರಾಹುಲ, ನೀ ಏನರ ಹೇಳೂದು ಅದ ಏನು?"

ರಾಹುಲ ತಲೆ ತಗ್ಗಿಸಿದ. "ನಾ ಹೊಡದಿಲ್ರಿ," ಎಂದ. ಮೊದಲ ದಿನದಿಂದ ಅವನು ಹೇಳುತ್ತ ಬಂದದ್ದು ಅದೊಂದೇ ಮಾತು.

ಮಹಾನಂದಾ ಹಳದಿಯನ್ನು ಬಿಳಿ ಅರಿವೆಗೆ ಒರೆಸಿ ಮಡಿಚಿಟ್ಟುಕೊಂಡಳು. ಸ್ಕೂಟಿ ಹತ್ತುವಾಗ ಗೌತಮಿ ಬಾಗಿಲವರೆಗೆ ಬಂದಳು. ಚಹಾ ಆಕೆಯ ಕೈಯಲ್ಲೇ ಆರಿತ್ತು.

"ಎಲ್ಲಿಗ್ರಿ ಅಕ್ಕಾರ?"

"ಬಣ್ಣ ಸರಿ ಇಲ್ಲ ಅಂತ ಶೋರೂಮಿಗೆ ತಕರಾರು ಕೊಡಬ್ಯಾಡೇನು? ಹೊಸಾ ಕಾರು!"

ಗೌತಮಿ ನಗಲು ಹೋಗಿ ನಿಂತಳು. "ಏನ ತಿಳೀತು ಅಂತ ಫೋನ್ ಹಚ್ರಿ," ಎಂದಳು.

~

ವಿಜಯಪುರದ ಸೊಲ್ಲಾಪುರ ರಸ್ತೆಯ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಶೋರೂಮು ತಣ್ಣಗಿತ್ತು. ಮ್ಯಾನೇಜರ್ ಹಣಮಂತ ಟೈ ಸರಿಮಾಡಿಕೊಳ್ಳುತ್ತ ಎದ್ದು ಬಂದ. ಕೂದಲಿಗೆ ಹಚ್ಚಿದ್ದ ಕರಿ ಬಣ್ಣ ಕಿವಿಯ ಮೇಲೂ ಸ್ವಲ್ಪ ಹತ್ತಿತ್ತು. ಬಣ್ಣ ಹೊಡೆಯುವುದರಲ್ಲಿ ಇವನಿಗೆ ಅವಸರ ಜಾಸ್ತಿ ಎಂದು ಮಹಾನಂದಾ ಮನಸ್ಸಿನಲ್ಲೇ ಬರೆದುಕೊಂಡಳು.

"ಬರ್ರಿ ಬಾಯಾರ, ಕುಂಡ್ರಿ. ಯಾವ ಗಾಡಿ ನೋಡ್ತೀರಿ?"

"ನೋಡಿದ್ದಾತು, ತಗೊಂಡದ್ದೂ ಆತು. ತಿಕೋಟಾದ ಗೌತಮಿ ಟೀಚರ್‌ಗೆ ನಾ ಸೋದರತ್ತಿ ಆಗಬೇಕು. ಬಣ್ಣದ್ದು ತಕರಾರು ಅದ."

ಹಣಮಂತನ ನಗು ಮುಖದ ಮೇಲೇ ಉಳಿಯಿತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು.

"ಏನಾಗೇದ್ರಿ ಬಣ್ಣಕ್ಕ?"

"ಕೈಯಾಡಿಸಿದ್ರ ರವಾ ಮುಟ್ಟಿದಂಗ ಆಗ್ತದ."

"ಧೂಳಿರಿ. ನಮ್ಮೂರ ಧೂಳಿ ನಿಮಗ ಗೊತ್ತಿಲ್ದದ್ದೇನು?"

"ತೊಳದ ಮ್ಯಾಲೂ ಹೋಗವಲ್ದು."

"ಹಂಗಾದ್ರ ಹಕ್ಕಿ ಹಿಕ್ಕಿ. ಬಣ್ಣಾನ ಸುಡ್ತದ ಅದು."

"ಛಾವಣಿ ಮ್ಯಾಲ ಒಂದೂ ಇಲ್ಲ. ಹಕ್ಕಿ ಬಾನೆಟ್ಟಿನ ಮ್ಯಾಲಷ್ಟಽ ಕುಂಡರ್ತಾವೇನು?"

"ಬಿಸಲಿಗೂ ಗುಳ್ಳಿ ಏಳ್ತಾವ್ರಿ. ಮೇ ತಿಂಗಳ ಬಿಸಲು!"

"ಬಿಸಲೂ ಬಾನೆಟ್ಟು ನೋಡಿ ಬೀಳ್ತದೇನು?"

ಹಣಮಂತ ನಿಟ್ಟುಸಿರು ಬಿಟ್ಟ. ತಿಳಿಯದ ಗಿರಾಕಿಗೆ ತಿಳಿಸಿ ಹೇಳುವವನ ಹಾಗೆ ಮುಂದಕ್ಕೆ ಬಾಗಿದ.

"ಸಿಟ್ಟಾಗಬ್ಯಾಡ್ರಿ ಬಾಯಾರ. ತಪ್ಪು ನಿಮ್ಮದಽ ಅದ. ಗಾಡಿ ಮನಿಗೆ ಒಯ್ದ ಕೂಡಲೇ ಪೂಜಿ ಮಾಡ್ತೀರಿ. ಅರಿಷಿಣ, ಕುಂಕುಮ, ನಿಂಬಿಹಣ್ಣಿನ ರಸ, ಎಲ್ಲಾ ಮೆತ್ತತೀರಿ. ಅದು ಹೋಗಿ ಸಂದ್ಯಾಗ ಕುಂಡ್ರತದ. ಎಡಗಡೆ ದೀಪದ ಬಾಜೂಕ ಕೈಹಾಕಿ ನೋಡ್ರಿ, ಹಳದಿ ಪುಡಿ ಸಿಗ್ತದ. ಅದಽ ಬಣ್ಣ ತಿಂದದ್ದು. ಪೂಜಿಯಿಂದ ಆದ ನುಕ್ಸಾನಕ್ಕ ಕಂಪನಿ ಜವಾಬ್ದಾರ ಅಲ್ಲ."

ಮಹಾನಂದಾ ಟೇಬಲ್ಲಿನ ಮೇಲಿದ್ದ ನೀರು ಕುಡಿದಳು, ಲೋಟ ಕೆಳಗಿಟ್ಟಳು.

"ಹಣಮಂತ, ನಾ ಹಳದಿ ಮಾತು ಎತ್ತಿದೆನೇನು?"

"ಹಾಂ?"

"ರವಾ ಅಂದೆ, ಗುಳ್ಳಿ ಅಂದೆ. ಹಳದಿ ಅಂದಿಲ್ಲ. ಎಡಗಡೆ ಅಂದಿಲ್ಲ, ದೀಪ ಅಂದಿಲ್ಲ. ಆ ಪುಡಿ ಅಲ್ಲೇ ಅದ ಅಂತ ನಿಮಗ ಯಾರು ಹೇಳಿದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಮಹಾನಂದಾ ಠಾಣೆಯಲ್ಲಿ ಬೇಕಾದಷ್ಟು ಕಂಡಿದ್ದಳು. ಈ ಮಹಾಶಯ ಕಾಯಿಯನ್ನೇ ಹೊತ್ತು ತಂದು ಟೇಬಲ್ಲಿನ ಮೇಲಿಟ್ಟಿದ್ದ.

"ಎಲ್ಲಾರೂ ಪೂಜಿ ಮಾಡ್ತಾರಲ್ರೀ... ಅಂದಾಜಿಗಿ ಅಂದೆ."

"ಎಲ್ಲಾರೂ ಮಾಡಂಗಿಲ್ಲ. ಈ ಮನಿಯವ್ರು ಬೌದ್ಧರು. ಮೇಣಬತ್ತಿ ಹಚ್ಚ್ಯಾರ, ಅರಿಷಿಣದ ಡಬ್ಬಿ ಅಂಗಳಕ್ಕಽ ಬಂದಿಲ್ಲ. ಓಣಿ ಮಂದಿ ಎಲ್ಲಾ ನೋಡ್ಯಾರ, ಖೀರು ಉಂಡಾರ. ಇನ್ನ ಹೇಳ್ರಿ, ಅರಿಷಿಣ ಎಲ್ಲಿಂದ ಬಂತು?"

ಹಣಮಂತ ಗಾಜಿನಾಚೆ ನಿಂತಿದ್ದ ಶೋರೂಮಿನ ಹುಡುಗಿಯರ ಕಡೆ ನೋಡಿ ತನ್ನ ಕೋಣೆಯ ಬಾಗಿಲು ಮುಚ್ಚಿದ.

"ನೀವು ಸೋದರತ್ತಿ ಅಲ್ಲ."

"ಅಲ್ಲ. ಹೆಡ್ ಕಾನ್‌ಸ್ಟೇಬಲ್ ಮಹಾನಂದಾ. ರಿಟೈರ್ ಆಗೀನಿ. ಮೂಗು ಇನ್ನೂ ಆಗಿಲ್ಲ."

ಆಕೆ ಅರಿವೆ ಬಿಚ್ಚಿ ಟೇಬಲ್ಲಿನ ಮೇಲೆ ಹರವಿದಳು. ಹಳದಿ ಕಲೆಯನ್ನು ನೋಡುತ್ತಿದ್ದಂತೆ ಹಣಮಂತನ ಟೈ ತಾನೇ ಸಡಿಲಾಯಿತು.

"ಬಣ್ಣದ ಹೊಟ್ಟ್ಯಾಗ ಸಿಕ್ಕದ್ದು ಇದು. ಬಣ್ಣ ಹೊಡಿಸಿದವ್ರು ಹಳದಿ ನೋಡ್ಯಾರ, ಪೂರಾ ಒರಸಿಲ್ಲ, ಅವಸರಕ್ಕ ಅದರ ಮ್ಯಾಲಽ ಹೊಡದಾರ. ಹಳದಿ ನೋಡಿದವ್ರು ಯಾರು? ನೀವು. ಹಂಗಾದ್ರ ಬಣ್ಣ ಹೊಡಿಸಿದವ್ರು ಯಾರು?"

"ಬಾಯಾರ, ನನಗ ಎರಡು ಹೆಣ್ಣಮಕ್ಕಳು ಅದಾವ್ರಿ."

"ಕರೆಪ್ಪಗೂ ಮನಿ ಅದ, ಹಣಮಂತ."

ಹೊರಗೆ ಯಾರಿಗೋ ಕಾರು ಕೊಡುತ್ತಿದ್ದರು. ಚಪ್ಪಾಳೆ ಕೇಳಿಸಿತು. ಹಣಮಂತ ಕುರ್ಚಿಯಲ್ಲಿ ಕುಸಿದು, ಮೊದಲ ಸಲ ನೆಟ್ಟಗೆ ಮಾತಾಡಿದ.

"ಶನಿವಾರ ಸಹಿ ಆತು. ಕಾಗದದಾಗ ಗಾಡಿ ಕೊಟ್ಟಂಗ ಬರದ್ವಿ. ಗಾಡಿ ಇಲ್ಲೇ ಇತ್ರಿ, ಖರೆ. ಹಿಂದಿನ ಬಯಲಿನ್ಯಾಗ ನಿಲ್ಲಿಸಿದ್ವಿ. ರವಿವಾರ ಸೂಟಿ, ವಾಚಮನ್ ಇರಂಗಿಲ್ಲ. ಬರೇ ಸರಪಳಿ. ಸೋಮವಾರ ಮುಂಜಾನೆ ಬಂದು ನೋಡಿದ್ರ ಬಾನೆಟ್ಟು ಒಳಗ ಹೋಗೇದ, ಮ್ಯಾಲೆಲ್ಲಾ ಹಳದಿ ಪುಡಿ. ಮಧ್ಯಾಹ್ನ ಅವ್ರು ಬರೋರು. ಮಾಲಕರಿಗೆ ಗೊತ್ತಾದ್ರ ನನ್ನ ನೌಕರಿ ಹೋಗ್ತಿತ್ತು. ಪೇಂಟರ್ ಕರಸಿ, ತಗಡಿನ ಕೆಳಗ ಬಡಿದು ಎಬ್ಬಿಸಿ, ಬಣ್ಣ ಹೊಡಿಸಿದೆ. ಒಣಗಾಕಽ ಟೈಮ್ ಇರ್ಲಿಲ್ಲ."

"ಮನಷಾಗ ಬಡದದ ಅಂತ ತಿಳೀಲಿಲ್ಲ?"

"ದನಕ್ಕ ಬಡದಿರಬೇಕು ಅಂತ ತಿಳಕೊಂಡೆ. ದೇವರಾಣಿ. ಪೊಲೀಸ್ರು ನೀಲಿ ಗಾಡಿ ಯಾರಿಗೆ ಕೊಟ್ಟೀರಿ ಅಂತ ಕೇಳಿದಾಗ..."

"ಆವಾಗ ತಿಳೀತು. ತಿಳಿದ ಮ್ಯಾಲ ಟೀಚರ್ ಹೆಸರು ಕೊಟ್ಟು ಕೈ ತೊಳಕೊಂಡ್ರಿ."

ಮಹಾನಂದಾಳಿಗೆ ಮೈಯೆಲ್ಲ ಉರಿಯಿತು. ಒಬ್ಬನ ಟೈ ಉಳಿಯಲೆಂದು ಇನ್ನೊಬ್ಬ ಹುಡುಗನ ಕೊರಳಿಗೆ ಹಗ್ಗ! ಎದ್ದು ಎರಡು ಬಾರಿಸಬೇಕೆನಿಸಿತು. ಸಮವಸ್ತ್ರವಿದ್ದ ಕಾಲದಲ್ಲಾದರೆ ಬಾರಿಸಿಯೂ ಬಿಡುತ್ತಿದ್ದಳೇನೋ.

"ಇದನ್ನಽ ನಾಳೆ ಠಾಣೇಕ್ಕ ಬಂದು ಹೇಳ್ತೀರಿ."

"ಹೇಳ್ತೀನಿ." ಅವನು ಕಿವಿಯ ಮೇಲಿನ ಬೆವರು ಒರೆಸಿಕೊಂಡ. ಕರಿ ಬಣ್ಣ ಕರವಸ್ತ್ರಕ್ಕೆ ಹತ್ತಿತು. "ಆದ್ರ ಬಾಯಾರ, ನೀವು ನನಗ ಒಂದು ಹೇಳ್ರಿ. ಗಾಡಿ ಬಾಗಲ ಮುರದಿಲ್ಲ. ಕಿಟಕಿ ಒಡದಿಲ್ಲ. ತಂತಿ ಜಗ್ಗಿ ಚಾಲೂ ಮಾಡಿಲ್ಲ. ಯಾರೋ ಕೀಲಿಕೈ ಹಾಕಿ ಒಯ್ದಾರ, ಕೀಲಿಕೈ ಹಾಕಿ ತಂದು ನಿಲ್ಲಿಸ್ಯಾರ."

"ಕೀಲಿಕೈ ನಿಮ್ಮ ಕಡೆ ಇರ್ತದ."

"ಒಂದು ನನ್ನ ಕಡೆ. ರವಿವಾರ ಪೂರಾ ಇದಽ ಕಿಸೇದಾಗ ಇತ್ತು. ಸೊಲ್ಲಾಪುರದಾಗ ನಮ್ಮ ಮಾವನ ಮಗಳ ಲಗ್ನ, ನೂರು ಮಂದಿ ನೋಡ್ಯಾರ ನನ್ನ." ಹಣಮಂತ ದನಿ ಇಳಿಸಿದ. "ಕೀಲಿಕೈ ಎರಡು ಇರ್ತಾವಲ್ರೀ. ಎರಡನೇದು ಎಲ್ಲಿತ್ತು?"

ಎಲ್ಲಿತ್ತೆಂದು ಮಹಾನಂದಾಳಿಗೆ ಗೊತ್ತಿತ್ತು. ತಿಕೋಟಾದಲ್ಲಿ, ಬುದ್ಧನ ಫೋಟೋದ ಮುಂದೆ.

~

ಬಬಲೇಶ್ವರ ದಾಟಿ ನಿಡೋಣಿಯ ದಾರಿ ಹಿಡಿಯುವವರೆಗೂ ಸ್ಕೂಟಿ ಓಡಿಸಿದ್ದು ಕೈ, ಮಹಾನಂದಾಳ ಮನಸ್ಸು ಅಲ್ಲಿರಲಿಲ್ಲ.

ಹುಡುಗನನ್ನು ಬಿಡಿಸಲು ಹೊರಟವಳು ಅವನ ಕೈಗೇ ಕೀಲಿಕೈ ಕೊಟ್ಟು ಬಂದಂತಾಗಿತ್ತು. ಕೆಂಪು ನೀರು ಇಳಿದಾಗ ರಾಹುಲ ಕಾರಿನ ಕಡೆ ನೋಡದೆ ಇದ್ದದ್ದು ಕಣ್ಣಿಗೆ ಕಟ್ಟಿತು. ನೋಡಬೇಕಾದ ಗರಜು ಅವನಿಗೆ ಇರಲಿಲ್ಲ. ಏನು ಇಳಿಯುತ್ತಿದೆಯೆಂದು ಗೊತ್ತಿದ್ದವನಿಗೆ ನೋಡುವುದೇನಿದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವ ತಾನೇ ಆ ಹುಡುಗನ ಸಪ್ಪೆ ಮುಖಕ್ಕೆ ಮರುಳಾದೆನೇ ಎಂದು ತನ್ನನ್ನೇ ಬೈದುಕೊಂಡಳು.

ಆದರೂ ಒಂದು ಕೊಂಡಿ ಉಳಿದಿತ್ತು. ಆ ಅರಿಶಿನ ಕರೆಪ್ಪನದೇ ಹೌದೋ ಅಲ್ಲವೋ?

ಕರೆಪ್ಪನ ಹೆಂಡತಿ ರೇಣವ್ವ ಕುರಿದೊಡ್ಡಿಯ ಬಾಗಿಲಲ್ಲಿ ಕುಳಿತು ಮರಿಯೊಂದಕ್ಕೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಗಂಡನ ಹತ್ತಿರ ತಂಗಿಯನ್ನು ಬಿಟ್ಟು, ಮೂಕಪ್ರಾಣಿಗಳಿಗೆ ಮೇವು ಹಾಕಲೆಂದು ಊರಿಗೆ ಬಂದಿದ್ದಳು.

"ಹೆಂಗದಾರ್ರೀ?" ಮಹಾನಂದಾ ಹತ್ತಿರ ಕುಳಿತಳು.

"ಹಂಗಽ ಅದಾರ್ರಿ ಅಕ್ಕಾರ. ನಿನ್ನಿ ಕೈಬೆರಳು ಅಳ್ಳಾಡಿಸಿದ್ರಂತ. ನನಗೇನು ತಿಳೀತೈತಿ?"

ಮಹಾನಂದಾ ಅರಿವೆ ಬಿಚ್ಚಿದಳು. ಬಾಯಿಬಿಟ್ಟು ಕೇಳುವ ಮೊದಲೇ ರೇಣವ್ವ ಮರಿಯನ್ನು ಕೆಳಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಆ ಹಳದಿಯನ್ನು ಬೆರಳಿಗೆ ಹಚ್ಚಿ ಹಣೆಗಿಟ್ಟುಕೊಂಡಳು.

"ಭಂಡಾರ," ಎಂದಳು. "ನಮ್ಮ ದೇವ್ರು ಅಮೋಗಸಿದ್ಧನ ಭಂಡಾರ. ಎಲ್ಲಿ ಸಿಕ್ತ್ರಿ ನಿಮಗ?"

"ನಿಮ್ಮದಽ ಅಂತ ಹೆಂಗ ಹೇಳ್ತೀರಿ?"

"ಕುಟ್ಟಿದಾಕಿ ನಾನಽ. ಪ್ಯಾಟಿ ಅರಿಷಿಣ ಹಿಟ್ಟಿನಂಗ ಇರತೈತಿ, ನಾ ಒಳ್ಳಾಗ ಕುಟ್ಟೂದು ನುಚ್ಚಿನಂಗ. ಹೊಸಾ ಅಡವಿಗೆ ಕುರಿ ಹೊಡಿಯೂ ಮುಂದ ಭಂಡಾರ ಹಾರಿಸಲ್ದ ನಮ್ಮವ್ರು ಹೆಜ್ಜಿ ಇಡಂಗಿಲ್ಲ. ಅವತ್ತ ಚೀಲ ತುಂಬಿ ಕೊಟ್ಟು ಕಳಿಸಿದ್ನಿ. ದವಾಖಾನ್ಯಾಗ ಅಂಗಿ ಬಿಚ್ಚಿ ಕೊಟ್ರಲ್ಲ, ಆವಾಗ ಚೀಲ ಹರಿದು ಖಾಲಿ ಆಗಿತ್ರಿ. ನನ್ನ ಗಂಡಗ ದೇವ್ರೂ ಕೈಬಿಟ್ಟ ಅಂತ ಅತ್ತಿದ್ನಿ."

ದೇವರು ಕೈಬಿಟ್ಟಿರಲಿಲ್ಲ. ಭಂಡಾರ ಕಾರಿನ ಸಂದಿಯಲ್ಲಿ ಹೋಗಿ ಸಾಕ್ಷಿಯಾಗಿ ಕುಳಿತಿತ್ತು. ಮಹಾನಂದಾಳ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳುವ ಉಸಾಬರಿಗೆ ಆಕೆ ಹೋಗಲಿಲ್ಲ.

"ರೇಣವ್ವಾ, ಅವತ್ತ ನಿಮಗ ಸುದ್ದಿ ಮುಟ್ಟಿಸಿದವ್ರು ಯಾರು? ಪೊಲೀಸ್ರು ಬರೇ ಯಾರೋ ದಾರಿಹೋಕರು ಅಂತ ಬರಕೊಂಡಾರ."

"ಯಾರಂತ ಹೇಳ್ಲಿ? ನಮ್ಮವರ ಫೋನಿಂದಽ ಫೋನ್ ಬಂತು. 'ಅಕ್ಕಾರ, ಇವರು ಕೆನಾಲ್ ಕಡೆ ದಾರ್ಯಾಗ, ಬೇವಿನ ಗಿಡದ ಕೆಳಗ ಬಿದ್ದಾರ. ಜಲ್ದಿ ಬರ್ರಿ, ಉಸಿರು ಅದ' ಅಂದ್ರು. ನನಗ ಬಾಯಿ ಬಂದ್ ಆಗಿತ್ತು, ಮಾತಽ ಹೊರಡವಲ್ದು. 'ಕೇಳಸಾಕತ್ತದ ಇಲ್ಲೋ?' ಅಂತ ಎರಡ ಸಲ ಕೇಳಿದ್ರು. ಆಮ್ಯಾಲ ಕಟ್ ಮಾಡಿದ್ರು. ಆ ಫೋನ್ ಬರದಿದ್ರ ನನ್ನ ಗಂಡ ಅಲ್ಲೇ ಹೋಗಿಬಿಡ್ತಿದ್ದ."

"ಗಂಡಸಿನ ದನಿನೋ, ಹೆಂಗಸಿನದೋ?"

"ಹೆಣ್ಣಮಗಳ ದನಿ. ಅಳಾಕತ್ತಿದ್ಳು ಪಾಪ. ಯಾವ ತಾಯಿ ಮಗಳೋ ಏನೋ, ಅಕಿ ಕಾಲಿಗೆ ಬೀಳಬೇಕು ನಾ."

ಹೆಂಗಸು! ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ರಾಹುಲ ಅಲ್ಲ. ಸದ್ಯ, ಆ ಹುಡುಗನ ಬಗ್ಗೆ ತನ್ನ ಮೊದಲ ಎಣಿಕೆಯೇ ಸರಿಯಿತ್ತು ಎಂದು ಮಹಾನಂದಾ ಉಸಿರೆಳೆದುಕೊಂಡಳು.

ಎಳೆದುಕೊಂಡ ಉಸಿರು ಅಲ್ಲೇ ನಿಂತಿತು.

ಕೀಲಿಕೈ ಇದ್ದ ಮನೆಯಲ್ಲಿ ಹೆಂಗಸರು ಇಬ್ಬರು. ಒಬ್ಬಾಕೆಗೆ ಕಾರು ತೊಳೆಯುವುದೂ ಹೊಸದು. ಇನ್ನೊಬ್ಬಳು ಕಾರು ಕೊಂಡವಳು. ಕಾರು ಓಡಿಸುವುದು ಯಾರಿಗೆ ಬರುತ್ತದೆಂದು ಫೌಜದಾರರು ಕೇಳಿರಲಿಲ್ಲ. ಮನೆಯಲ್ಲಿ ಗಂಡು ಹುಡುಗನಿದ್ದ ಮೇಲೆ ಕೇಳುವುದೇನಿದೆ? ಇಲಾಖೆಯ ಜೀಪನ್ನು ಆಲಮಟ್ಟಿಯವರೆಗೆ ಓಡಿಸಿದ್ದ ಹೆಂಗಸು ತಾನು. ತಾನೂ ಕೇಳಿರಲಿಲ್ಲ. ನಾಚಿಕೆಯಿಂದ ಮಹಾನಂದಾಳ ಕಿವಿ ಬಿಸಿಯಾಯಿತು.

ಒಂದು ತಂಬಿಗೆ ನೀರು ಹಾಕಲು ಬಿಡದವಳು ಯಾರು? ಕೆಂಪು ನೀರು ಇಳಿದಾಗ ತಮ್ಮ ನೋಡಿದ್ದು ಯಾರ ಮುಖವನ್ನು?

ಆದರೂ ಮನಸ್ಸು ಒಪ್ಪಲಿಲ್ಲ. ಸೊಲ್ಲಾಪುರ ರಸ್ತೆಯಿಂದ ತಿಕೋಟಾಕ್ಕೆ ಹೋಗುವವರಿಗೆ ನಿಡೋಣಿ ದಾರಿಯೇ ಅಲ್ಲ. ಆ ರವಿವಾರ, ಮನೆಗೆ ಇನ್ನೂ ಬಾರದ ಕಾರನ್ನು ಕದ್ದವಳಂತೆ ತೆಗೆದುಕೊಂಡು, ಟೀಚರ್ ಇಲ್ಲಿಗೆ ಏಕೆ ಬರುತ್ತಾಳೆ? ಓಣಿಯವರ ಮುಂದೆ ಓಡಿಸುವ ಮೊದಲು ಖಾಲಿ ದಾರಿಯಲ್ಲಿ ಕೈ ಪಳಗಿಸಿಕೊಳ್ಳಲೋ?

ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಗೌತಮಿ.

ಎದ್ದು ಆಚೆ ಹೋಗಿ ಮಾತಾಡಬಹುದಿತ್ತು. ದೊಡ್ಡಿಯ ಹಿಂದೆ ಬೇಕಾದಷ್ಟು ಬಯಲಿತ್ತು. ತನ್ನನ್ನು ನಂಬಿ ಬಂದ ಹೆಣ್ಣುಮಗಳು ಅವಳು, ಅಕ್ಕಾರ ಎಂದು ಕೈಹಿಡಿದು ಅತ್ತವಳು. ಮಹಾನಂದಾ ರೇಣವ್ವನ ಹಣೆಯ ಮೇಲಿನ ಹಳದಿಯನ್ನು ನೋಡಿದಳು. ಕೂತಲ್ಲೇ ಲೌಡ್‌ಸ್ಪೀಕರ್ ಒತ್ತಿ ಫೋನನ್ನು ಇಬ್ಬರ ನಡುವೆ ಹಿಡಿದಳು.

"ಅಕ್ಕಾರ!" ಗೌತಮಿಯ ದನಿ ಬಿರಿದುಹೋಗಿತ್ತು. "ಫೌಜದಾರ್ರು ಮನಿಗೆ ಬಂದಾರ್ರಿ. ನಾನಽ ಹೊಡದೀನಿ ಅಂತ ರಾಹುಲ ಒಪ್ಪಿಕೊಂಡಾನ. ಜೀಪ್ ಹತ್ತಸಾಕತ್ತಾರ್ರಿ. ಅವ ಹೊಡದಿಲ್ಲ ಅಕ್ಕಾರ, ನನಗ ಗೊತ್ತದ, ಅವ ಹೊಡದಿಲ್ಲ! ಏನರ ಮಾಡ್ರಿ, ಜಲ್ದಿ ಬರ್ರಿ..."

ಮಹಾನಂದಾ ಫೋನನ್ನು ರೇಣವ್ವನ ಕಡೆಗೆ ಇನ್ನಷ್ಟು ಸರಿಸಿದಳು.

"ಅಕ್ಕಾರ? ಕೇಳಸಾಕತ್ತದ ಇಲ್ಲೋ? ಅಕ್ಕಾರ, ಕೇಳಸಾಕತ್ತದ ಇಲ್ಲೋ?"

ಮರಿಯ ಬೆನ್ನು ಸವರುತ್ತಿದ್ದ ರೇಣವ್ವನ ಕೈ ನಿಂತುಹೋಯಿತು. ಅವಳು ಮಹಾನಂದಾಳ ಮುಖ ನೋಡಲಿಲ್ಲ. ಫೋನನ್ನೇ ನೋಡಿದಳು. ಆಮೇಲೆ ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಹಾನಂದಾಳ ಕೈಯಿಂದ ಫೋನು ತೆಗೆದುಕೊಂಡಳು.

"ಕೇಳಸಾಕತ್ತೈತಿ, ಯವ್ವಾ," ಎಂದಳು. "ಅವತ್ತೂ ಕೇಳಿಸಿತ್ತು."

ಆ ಕಡೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಗೌತಮಿ ಫೋನನ್ನು ಇಡಲಿಲ್ಲ.